ಕರೆಂಟಿನ ಹಿಟ್ಟು

ಆ ದಿನ ನಾನು ಬಾಯಿಬಿಟ್ಟು ಹೇಳಿದೆನೋ, ಹೇಳಬೇಕೆಂದುಕೊಂಡು ಸುಮ್ಮನಾದೆನೋ, ಈಗ ಖಚಿತವಿಲ್ಲ. ಅಕ್ಕನನ್ನು ಕೇಳಿದರೆ, ನಾನು ಆಗ ಮೈಸೂರಿನ ಕಾಲೇಜಿನಲ್ಲಿದ್ದೆ, ಗುಂಡ್ಲುಪೇಟೆಗೆ ಬಂದೇ ಇರಲಿಲ್ಲ ಎನ್ನುತ್ತಾಳೆ. ಆದರೆ ಸೀದ ರಾಗಿಯ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಬೇರೆಯವರು ಹೇಳಿದ್ದನ್ನು ಕೇಳಿ ವಾಸನೆ ನೆನಪಿಟ್ಟುಕೊಳ್ಳಲು ಬರುವುದಿಲ್ಲ ಎಂದು ನಂಬಿದ್ದೇನೆ. ನಂಬಿಕೆ ಸಾಕ್ಷಿಯಲ್ಲ, ಅದೂ ಗೊತ್ತು.

ಐವತ್ತರ ದಶಕದ ಕೊನೆಯ ವರ್ಷಗಳು. ಅಕ್ಕನ ಗಂಡ, ನನ್ನ ಭಾವ, ಗುಂಡ್ಲುಪೇಟೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಆಯಿಲ್ ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂರಿಸುವ ಹುಮ್ಮಸ್ಸು ಅವರಿಗೆ. ಮೋಟಾರು ಚಾಮರಾಜನಗರದವರೆಗೆ ರೈಲಿನಲ್ಲಿ, ಅಲ್ಲಿಂದ ಲಾರಿಯಲ್ಲಿ ಬಂತು. ಅಷ್ಟರಲ್ಲಿ ಪುಣಜನೂರಿನವರೊಬ್ಬರು ಎಂಜಿನ್ನನ್ನು ಕೊಂಡು ಸಾಗಿಸಿಯೂ ಆಗಿತ್ತು.

ಕರೆಂಟಿನಲ್ಲಿ ಬೀಸಿದ ಹಿಟ್ಟಿಗೆ ಸತ್ವವಿಲ್ಲ, ಮುದ್ದೆ ಕಟ್ಟುವುದಿಲ್ಲ ಎಂಬ ಮಾತು ಆಗಲೇ ಹಬ್ಬಿತ್ತು. ಮೊದಲ ದಿನವೇ ಹಿಟ್ಟು ಕೆಟ್ಟರೆ ಗಿರಾಕಿಗಳೆಲ್ಲ ಪೇಟೆಯ ಇನ್ನೊಂದು ಮಿಲ್ಲಿಗೆ ಹೋಗಿಬಿಡುತ್ತಾರೆಂದು ಭಾವನಿಗೆ ದಿಗಿಲು.

ತಂತಿ ಜೋಡಿಸಿದವನು ಬಲ್ಬು ಉರಿಸಿ ತೋರಿಸಿ ಸೈಕಲ್ಲೇರಿ ಹೋದ. ಮೋಟಾರನ್ನೂ ಒಮ್ಮೆ ತಿರುಗಿಸಿ ನೋಡುತ್ತೇನೆಂದವನನ್ನು ಭಾವನೇ ತಡೆದಿದ್ದರು, ಪೂಜೆಯಾಗದೆ ತಿರುಗಿಸಕೂಡದು. ಅವನು ಹೋದ ಮೇಲೆ ವಿಭೂತಿ ಬಳಿದು, ಕಾಯಿ ಒಡೆದು, ಸ್ವಿಚ್ಚು ಹಾಕಿದರು. ಭೀಮನಬೀಡಿನಿಂದ ಬಂದಿದ್ದ ಅಜ್ಜಿಯೊಬ್ಬರ ರಾಗಿ ಮೊದಲು ಬಿತ್ತು. ಹಿಟ್ಟಿನ ಬದಲು ಸುಡುವ ನುಚ್ಚು ಬಂತು.

"ಏನಪ್ಪಾ, ರಾಗಿ ಬೀಸ್ಕೊಡು ಅಂದ್ರೆ ಉರುದ್ಕೊಡ್ತಿದ್ದೀಯಲ್ಲ!" ಎಂದರು ಅಜ್ಜಿ. ಸಾಲಿನಲ್ಲಿದ್ದವರು ನಕ್ಕರು. ಇಬ್ಬರು ತಮ್ಮ ಚೀಲ ಎತ್ತಿಕೊಂಡರು.

ಕಲ್ಲು ಉಲ್ಟಾ ತಿರುಗುತ್ತಿತ್ತು. ಕಾಳು ಅರೆಯುವ ಅದರ ಗೆರೆಗಳನ್ನು ಕೆತ್ತಿಸಿದ್ದು ಹಳೆಯ ಎಂಜಿನ್ನಿನ ದಿಕ್ಕಿಗೆ. ಅಷ್ಟು ವರ್ಷ ಹ್ಯಾಂಡಲ್ ಹಾಕಿ ಎಂಜಿನ್ ಎಬ್ಬಿಸಿದ್ದ ಭಾವನಿಗೆ, ಮೋಟಾರು ಯಾವ ಕಡೆಗಾದರೂ ತಿರುಗಬಹುದೆಂಬುದು ಹೊಳೆದೇ ಇರಲಿಲ್ಲ.

"ಮೂರು ತಂತೀಲಿ ಎರಡನ್ನ ಅದಲುಬದಲು ಮಾಡುದ್ರೆ ಸಾಕು ಭಾವ," ಎಂದು ನಾನು ಹೇಳಿದ ನೆನಪು.

"ಓದಿರೋನು ನೀನು. ನೀನೇ ಮುಟ್ಟು ಕಣ್ಲಾ ಮೊದ್ಲು!"

ನಾನು ಮುಟ್ಟಲಿಲ್ಲ. ಇದಂತೂ ನಿಜವೇ ಇರಬೇಕು, ನನ್ನ ಸ್ವಭಾವಕ್ಕೆ ಒಪ್ಪುತ್ತದೆ.

ಭಾವ ಸ್ವಿಚ್ಚು ಆರಿಸಿ, ಮೂಲೆಯಲ್ಲಿದ್ದ ಉದ್ದನೆಯ ಬೆಲ್ಟೊಂದನ್ನು ಎಳೆದು ತಂದು, ಮೋಟಾರಿನ ಚಕ್ರಕ್ಕೂ ಕಲ್ಲಿನ ಚಕ್ರಕ್ಕೂ ನಡುವೆ ಕತ್ತರಿಯಂತೆ ಅಡ್ಡ ಹಾಯಿಸಿ ಹಾಕಿದರು. ಈಗ ಮೋಟಾರು ತನಗೆ ಬೇಕಾದತ್ತ ತಿರುಗಿತು, ಕಲ್ಲು ನಮಗೆ ಬೇಕಾದತ್ತ. ಅಕ್ಕ ಮನೆಯ ರಾಗಿ ತಂದು ಸುರಿದಳು. ನುಣ್ಣನೆಯ ಹಿಟ್ಟು ಬಂತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಹಿತ್ತಿಲಲ್ಲಿ ಒಲೆ ಹಚ್ಚಿ, ಎಲ್ಲರೆದುರಿಗೆ ಮುದ್ದೆ ತೊಳಸಿ, ಮೊದಲ ತುತ್ತು ತಾನು ನುಂಗಿ, ಉಳಿದದ್ದನ್ನು ಅಜ್ಜಿಯ ಮುಂದಿಟ್ಟಳು.

ಅಜ್ಜಿ ಮುರಿದು ನುಂಗಿದರು. ಸ್ವಲ್ಪ ಹೊತ್ತು ಕಾದರು.

"ಗಂಟ್ಲಲ್ಲಿ ಕರೆಂಟೇನೂ ಒಡೀಲಿಲ್ಲ ಕಣವ್ವ," ಎಂದರು.

ಚೀಲ ಎತ್ತಿಕೊಂಡಿದ್ದವರಲ್ಲಿ ಒಬ್ಬರು ಇಳಿಸಿದರು, ಇನ್ನೊಬ್ಬರು ಹೋಗಿಯೇಬಿಟ್ಟರು. ಅಜ್ಜಿಯ ಸೀದ ರಾಗಿಗೆ ಬದಲಾಗಿ ಅಕ್ಕ ಹಿಟ್ಟು ತುಂಬಿ ಕಳಿಸಿದಳು. ಮರುದಿನ ತಂತಿಯವನು ಬಂದು ಎರಡು ತಂತಿ ಅದಲುಬದಲು ಮಾಡಿದ, ಬೆಲ್ಟು ನೆಟ್ಟಗಾಯಿತು.

ಎಷ್ಟೋ ವರ್ಷಗಳ ಮೇಲೆ ಭೀಮನಬೀಡಿಗೆ ಹೋಗಿ ಆ ಅಜ್ಜಿಯ ಸೊಸೆಯನ್ನು ವಿಚಾರಿಸಿದೆ. ನಾನು ಅಲ್ಲಿದ್ದೆನೇ ಎಂಬುದು ಅವರಿಗೂ ತಿಳಿಯದು. ಆದರೆ ಮುಂದಿನ ಸಂತೆಯ ದಿನವೇ ಅವರ ಅತ್ತೆ ಮತ್ತೆ ಭಾವನ ಮಿಲ್ಲಿಗೇ ರಾಗಿ ತಂದದ್ದು ನಿಜವಂತೆ. ಆ ಚೀಲ ಹೊತ್ತು ಜೊತೆಗೆ ಬಂದವರು ಈ ಸೊಸೆಯೇ.