ಮುಂದಿನ ಗಾಲಿಗಳಿಲ್ಲದ ಕಾರು

ಚಿನ್ನೂ, ಪುಟ್ಟೂ, ನನ್ನ ಕೋಣೆಗೆ ಬಂದಾಗಲೆಲ್ಲ ನೀವಿಬ್ಬರೂ ಕಪಾಟಿನ ಮೇಲಿರುವ ತಗಡಿನ ಕಾರನ್ನು ತೋರಿಸಿ, "ಅಜ್ಜಿ, ವೇರ್ ಆರ್ ದ ಫ್ರಂಟ್ ವೀಲ್ಸ್?" ಎಂದು ಕೇಳುತ್ತೀರಿ. ಮೊನ್ನೆ ಪುಟ್ಟು ತನ್ನ ಆಟದ ಸಾಮಾನಿನಿಂದ ಎರಡು ಪ್ಲಾಸ್ಟಿಕ್ ಗಾಲಿ ತಂದು ಅಂಟಿಸಲು ಹೊರಟಾಗ ನಾನು ಗದರಿಬಿಟ್ಟೆ. ನಾನು ಗದರುವವಳಲ್ಲ, ಅದಕ್ಕೇ ಅವನ ಮುಖ ಅಷ್ಟು ಸಣ್ಣದಾಯಿತು. ಎದುರಿಗೆ ಕೂತು ವಿವರಿಸಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಮ್ಮ ಓದಿ ಹೇಳುತ್ತಾಳೆ.

ಆ ಕಾರು ಮಾಡಿದವರು ರಷ್ಯಾದಿಂದ ಬಂದಿದ್ದ ಒಬ್ಬ ಮುದುಕರು. ಎಂಬತ್ತರ ದಶಕದಲ್ಲಿ ನಾವು ಅಮೆರಿಕಕ್ಕೆ ಬಂದು ವುಡ್‌ಬ್ರಿಡ್ಜ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಿಮ್ಮ ತಾತ ಹತ್ತಿರದ ಪಿಸ್ಕಾಟವೇಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಿಮ್ಮಮ್ಮ ಆಗಿನ್ನೂ ಹಲ್ಲು ಬಿದ್ದ ಪುಟ್ಟ ಹುಡುಗಿ.

ಆಯುಧಪೂಜೆಯ ದಿನ ತಾತ ಪಾರ್ಕಿಂಗ್ ಲಾಟಿನಲ್ಲಿ ಕಾರು ತೊಳೆದು ನಿಲ್ಲಿಸಿದ್ದರು. ಸೇವಂತಿಗೆಗೆ ತೊಂದರೆಯಿರಲಿಲ್ಲ, ಅಕ್ಟೋಬರಿನಲ್ಲಿ ಇಲ್ಲಿ ಅಂಗಡಿಯ ಮುಂದೆಲ್ಲ ಅದೇ. ಬೂದುಗುಂಬಳ ಮಾತ್ರ ಸಿಗಲಿಲ್ಲ. ನಾನು ತಂದ ಕೆಂಪು ಕುಂಬಳಕಾಯಿಯನ್ನು ತಾತ ತಿರುಗಿಸಿ ನೋಡಿದರು.

"ಏನೇ ಇದು, ಕಣ್ಣು ಮೂಗು ಎಲ್ಲ ಇದೆ?"

"ನಿಮ್ಮ ಮಗಳು ಬರೆದಿದ್ದಾಳೆ ರೀ. ಹ್ಯಾಲೋವೀನ್‌ಗಂತೆ."

"ಸರಿ ಬಿಡು, ದೃಷ್ಟಿ ತೆಗೆಯೋಕೆ ಇನ್ನೂ ಒಳ್ಳೇದಾಯ್ತು."

ಮಂಗಳಾರತಿ ಮಾಡಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ನಾವು ಒಂದು ಕ್ಷಣ ಕಣ್ಣು ಮುಚ್ಚಿ ಕೈ ಮುಗಿದೆವು. ಕಣ್ಣು ಬಿಟ್ಟರೆ, ಉದ್ದ ಕೋಟಿನ ಮುದುಕರೊಬ್ಬರು ಮಂಡಿಯೂರಿ ಒಂದೊಂದೇ ನಿಂಬೆಹಣ್ಣನ್ನು ಹೊರತೆಗೆದು ಕೋಟಿಗೆ ಒರೆಸುತ್ತಿದ್ದಾರೆ! ನನ್ನ ಚೀಲದಿಂದ ಉರುಳಿಹೋಗಿವೆ ಎಂದುಕೊಂಡಿದ್ದರು. ಬಹಳ ಮರ್ಯಾದೆಯಿಂದ ತಂದು ನನ್ನ ಕೈಗಿತ್ತರು.

"ಅಯ್ಯೋ, ಅವು ಅಲ್ಲೇ ಇರಬೇಕು ಅಂಕಲ್!" ಎಂದು ತಾತ ಗಡಿಬಿಡಿಯಲ್ಲಿ ಕನ್ನಡದಲ್ಲೇ ಕೂಗಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲೆ ತಾತ ಇಂಗ್ಲಿಷಿನಲ್ಲಿ ವಿವರಿಸಿ, ನಿಂಬೆಹಣ್ಣುಗಳನ್ನು ಮತ್ತೆ ಇಟ್ಟು ಅವುಗಳ ಮೇಲೆ ಕಾರು ಹತ್ತಿಸಿದರು. ಮುದುಕರು ನಗಲಿಲ್ಲ. ಬಾನೆಟ್ಟಿನ ಮೇಲಿನ ಕುಂಕುಮವನ್ನು ನೋಡುತ್ತ ನಿಂತರು.

ಅವರೂ ಮಗಳೂ ನಮ್ಮ ಎದುರಿನ ಬಿಲ್ಡಿಂಗಿನವರು ಎಂದು ಆಮೇಲೆ ತಿಳಿಯಿತು. ಆ ಚಳಿಗಾಲದಲ್ಲಿ ನಾನು ಬಟ್ಟೆ ಒಗೆಯಲು ಎರಡೂ ಬಿಲ್ಡಿಂಗಿಗೆ ಸೇರಿದ ಬೇಸ್‌ಮೆಂಟಿನ ಲಾಂಡ್ರಿ ರೂಮಿಗೆ ಹೋದಾಗಲೆಲ್ಲ ಅವರು ಅಲ್ಲಿ ಬೆಚ್ಚಗೆ ಕೂತು, ಖಾಲಿ ಡಬ್ಬಿಗಳನ್ನು ಕತ್ತರಿಸಿ ಸುತ್ತಿಗೆಯಿಂದ ತಟ್ಟುತ್ತಿರುತ್ತಿದ್ದರು. ನಾನು ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಗಳಿಂದ ತಂದ ರಸಗುಲ್ಲದ ಡಬ್ಬಿ, ಮಾವಿನ ರಸದ ಡಬ್ಬಿಗಳನ್ನು ತೊಳೆದು ಅವರಿಗೆ ಕೊಡತೊಡಗಿದೆ. ನಿಮ್ಮಮ್ಮ ಅವರಿಗೆ 'ಡಬ್ಬಿ ತಾತ' ಎಂದು ಹೆಸರಿಟ್ಟಳು. ನನಗೆ ಇಂಗ್ಲಿಷ್ ಬಾರದು, ಅವರಿಗೂ ನಾಲ್ಕಾರು ಮಾತಷ್ಟೇ. ಹಾಗಾಗಿ ಅವರ ಮುಂದೆ ನನಗೆ ನಾಚಿಕೆಯಾಗುತ್ತಿರಲಿಲ್ಲ. ಈ ದೇಶದಲ್ಲಿ ನಾನು ಸಂಕೋಚವಿಲ್ಲದೆ ಕೂತ ಮೊದಲ ಜಾಗ ಆ ಲಾಂಡ್ರಿ ರೂಮು.

ಅವರ ಕಥೆಯನ್ನು ನಮಗೆ ಹೇಳಿದವಳು ಅವರ ಮಗಳು, ಒಂದು ಭಾನುವಾರ ಅವರನ್ನೂ ಕರೆದುಕೊಂಡು ನಮ್ಮ ಮನೆಗೆ ಕಾಫಿಗೆ ಬಂದಾಗ. ಅವಳು ಹೇಳಿದ್ದನ್ನು ತಾತ ನನಗೆ ಕನ್ನಡದಲ್ಲಿ ಹೇಳಿದರು. ಡಬ್ಬಿ ತಾತ ಹುಡುಗರಾಗಿದ್ದಾಗ ರಷ್ಯಾದಲ್ಲಿ ರಾಜನನ್ನು ಇಳಿಸಿ ಹೊಸ ಸರ್ಕಾರ ಬಂದಿತ್ತು. ಆಗ ಅವರಲ್ಲಿ ಓಡುತ್ತಿದ್ದುದೆಲ್ಲ ಬೇರೆ ದೇಶದ ಹಳೆಯ ಮೋಟಾರುಗಳು. ದೊಡ್ಡವರಾದ ಮೇಲೆ ಇವರೂ ಇವರಿಗಿಂತ ಸ್ವಲ್ಪ ಹಿರಿಯ ಗೆಳೆಯನೂ ಒಂದು ಕಾರ್ಖಾನೆಯಲ್ಲಿ ಕೂತು, ಹಳ್ಳಿಯ ಕೆಸರು ರಸ್ತೆಯಲ್ಲೂ ಹೋಗುವಂಥ ಒಂದು ಸಣ್ಣ ಕಾರನ್ನು ತಾವೇ ನಕ್ಷೆ ಬರೆದು ಮಾಡಿದರು. ಹಿಂದಿನ ಭಾಗ ಇವರದು. ಮುಂದಿನ ಗಾಲಿ, ಅವು ಹಳ್ಳಕೊಳ್ಳದಲ್ಲಿ ಏಳುತ್ತ ಬೀಳುತ್ತ ಸಾಗುವ ಕಟ್ಟು, ಎಲ್ಲ ಗೆಳೆಯನದು. ಅಂಥ ಕೆಲವು ಕಾರುಗಳು ಬೀದಿಗೂ ಬಂದವು. ಆಮೇಲೆ ಮೇಲಿನವರು ಬೇಡವೆಂದು ನಿಲ್ಲಿಸಿದರು. ಕೆಲವು ವರ್ಷ ಕಳೆದ ಮೇಲೆ ಸರ್ಕಾರದ ಪೊಲೀಸರು ಗೆಳೆಯನನ್ನು ಮನೆಯಿಂದ ಕರೆದುಕೊಂಡು ಹೋದರು. ಅವನು ಮರಳಲಿಲ್ಲ. ಅವನು ಬರೆದ ನಕ್ಷೆಗಳನ್ನೆಲ್ಲ ಕಾರ್ಖಾನೆಯ ಒಲೆಗೆ ಹಾಕಿದರು. ಇವರು ಅಲ್ಲೇ ನಿಂತು ನೋಡಬೇಕಾಯಿತು. ಆಮೇಲೆ ಮುಪ್ಪಿನವರೆಗೆ ಲಾರಿಗಳ ಗೇರ್‌ಬಾಕ್ಸ್ ಕೆಲಸ ಮಾಡಿದರು. ಆ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ.

"ಅಮೆರಿಕಕ್ಕೆ ಬಂದ ಮೇಲೆ ಆ ಕಾರನ್ನು ತಗಡಿನಲ್ಲಾದರೂ ಮಾಡಬೇಕೆಂಬುದೊಂದೇ ಹಠ," ಎಂದಳು ಮಗಳು. "ಹಿಂದಿನ ಭಾಗ ಕೈಗೆ ತಾನಾಗಿ ಬರುತ್ತದಂತೆ. ಗೆಳೆಯನ ಭಾಗ ಮಾತ್ರ ನೆನಪಾಗುತ್ತಿಲ್ಲ. ಅದು ನೆನಪಾಗದಿದ್ದರೆ ಅವನನ್ನು ಎರಡನೇ ಸಲ ಸುಟ್ಟ ಹಾಗೆ ಅನ್ನುತ್ತಾರೆ."

ಡಬ್ಬಿ ತಾತನಿಗೆ ತಮ್ಮ ವಿಷಯವೇ ನಡೆಯುತ್ತಿದೆ ಎಂದು ತಿಳಿದಿತ್ತು. ತಲೆ ತಗ್ಗಿಸಿಕೊಂಡು ಚಕ್ಕುಲಿ ಮುರಿಯುತ್ತಿದ್ದರು.

ಮುಂದಿನ ವರ್ಷ ನವಮಿ ಶನಿವಾರ ಬಂತು. ನಾನು ದೇವರ ಮುಂದೆ ಈಳಿಗೆಮಣೆ, ಕತ್ತರಿ, ತಾತನ ಸ್ಕ್ರೂ ಡ್ರೈವರುಗಳು, ಕಾರಿನ ಕೀ ಜೋಡಿಸುತ್ತಿದ್ದಾಗ ಡಬ್ಬಿ ತಾತ ಮಗಳೊಡನೆ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ತಮ್ಮ ಸುತ್ತಿಗೆ, ಅರ, ಇಕ್ಕಳ, ಪೆನ್ಸಿಲು, ಮುಗಿಯದ ಕಾರು ಎಲ್ಲವನ್ನೂ ತಾವೇ ಸಾಲಿನಲ್ಲಿಟ್ಟರು. ನಾನು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟೆ. ನಾಳೆ ಬೆಳಿಗ್ಗೆ ಪೂಜೆ ಕದಲಿಸುವವರೆಗೆ ಇವನ್ನು ಮುಟ್ಟುವಂತಿಲ್ಲ, ಇವತ್ತು ಇವಕ್ಕೆ ವಿಶ್ರಾಂತಿ ಎಂದು ತಾತ ಹೇಳಿದರು.

"ಹಾಲಿಡೇ?" ಡಬ್ಬಿ ತಾತ ಹುಬ್ಬೇರಿಸಿದರು. "ಫಾರ್ ಹ್ಯಾಮರ್?"

"ಎಸ್. ಹ್ಯಾಮರ್‌ಗೂ ಹಾಲಿಡೇ," ಎಂದರು ತಾತ. "ನನಗೇ ಇಲ್ಲ, ಇವಳು ಕಸ ಗುಡಿಸು ಅಂತಾಳೆ."

ಅದನ್ನು ಮಗಳು ರಷ್ಯನ್ನಿನಲ್ಲಿ ಹೇಳಿದಾಗ ಅವರು ಭುಜ ಕುಣಿಸಿ ನಕ್ಕರು. ಆಮೇಲೆ ಮೆತ್ತಗೆ ಏನೋ ಹೇಳಿದರು. ಗೆಳೆಯ ದಿನಾ ಸಂಜೆ ತನ್ನ ಉಪಕರಣಗಳನ್ನು ಒರೆಸಿ, ಮಗುವಿಗೆ ಹೊದಿಸಿದ ಹಾಗೆ ಬಟ್ಟೆ ಹೊದಿಸಿ ಮನೆಗೆ ಹೋಗುತ್ತಿದ್ದನಂತೆ. ಬೇರೆಯವರು ಅವನನ್ನು ಗೇಲಿ ಮಾಡುತ್ತಿದ್ದರಂತೆ.

ಅವರಿಬ್ಬರೂ ಮನೆಗೆ ಹೋದರು. ಮಧ್ಯಾಹ್ನ ಬಾಗಿಲ ಬೆಲ್ ಒಂದೇ ಸಮನೆ ಹೊಡೆದುಕೊಂಡಿತು. ತೆರೆದರೆ ಡಬ್ಬಿ ತಾತ. ಕೋಟಿನ ಗುಂಡಿಗಳು ಹೆಚ್ಚುಕಡಿಮೆಯಾಗಿದ್ದವು, ಕೈಗಳು ಗಾಳಿಯಲ್ಲಿ ಬಿಲ್ಲಿನಂಥ ಆಕಾರ ಬರೆಯುತ್ತಿದ್ದವು. ಹಿಂದೆಯೇ ಮಗಳು ಏದುಸಿರು ಬಿಡುತ್ತ ಬಂದಳು. ಊಟಕ್ಕೆ ಕೂತಿದ್ದಾಗ, ಗೆಳೆಯ ಮೇಜಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತಂತೆ. ಮುಂದಿನ ಭಾಗ ಪೂರ್ತಿ ನೆನಪಾಗಿದೆಯಂತೆ.

"ಅವರ ಸಾಮಾನು ತಂದುಕೊಡೇ," ಎಂದರು ತಾತ. "ದೇವರು ಅಡ್ಜಸ್ಟ್ ಮಾಡ್ಕೋತಾನೆ."

ನಾನಾಗಲೇ ಒಳಗೆ ಓಡಿದ್ದೆ. ಹೂವು ಸರಿಸಿ, ಪೆನ್ಸಿಲು, ಸುತ್ತಿಗೆ ಎಲ್ಲ ತಂದು ಅವರ ಮುಂದೆ ಹಿಡಿದೆ. ಅವರು ಕೈ ಚಾಚಿದರು. ಸುತ್ತಿಗೆಯ ಮೇಲಿನ ಕುಂಕುಮ ಕಂಡಿತೋ ಏನೋ, ಚಾಚಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೋ, ನೋ. ಹಾಲಿಡೇ."

ತಾತ ಜೇಬಿನಿಂದ ತಮ್ಮ ಪೆನ್ನನ್ನೇ ತೆಗೆದು ಕೊಟ್ಟರು. ಅದೂ ಬೇಡವಂತೆ, ಇವತ್ತು ಕೈಗೂ ರಜೆಯಂತೆ. ಹಣೆಯನ್ನು ಬೆರಳಿನಿಂದ ತಟ್ಟಿಕೊಂಡು, "ಹಿಯರ್. ಟುಮಾರೋ," ಎಂದರು. ಮಗಳು ಬೇಡಿಕೊಂಡಳು, ಕೇಳಲಿಲ್ಲ. ಕೋಸಂಬರಿ ತಿಂದರು, ಒಬ್ಬಟ್ಟನ್ನು ಎರಡನೇ ಸಲ ಹಾಕಿಸಿಕೊಂಡರು. ನಿಮ್ಮಮ್ಮನನ್ನು ಮಂಡಿಯ ಮೇಲೆ ಕೂರಿಸಿಕೊಂಡು ಮೋಟಾರಿನ ಸದ್ದು ಮಾಡಿ ಕುಣಿಸಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಇನ್ನೆಂದೂ ನೋಡಲಿಲ್ಲ.

ಮರುದಿನ ನಾನು ಬೇಗ ಎದ್ದು, ಮಿಂದು, ಪೂಜೆ ಕದಲಿಸಿಟ್ಟೆ. ಅವರು ಶೇವ್ ಮಾಡಿಕೊಂಡು, ಟೈ ಕಟ್ಟಿಕೊಂಡು ಬಂದರು. ನಮ್ಮ ಊಟದ ಮೇಜಿನ ಮೇಲೆ ಹಾಳೆ ಹರಡಿ, ಪೆನ್ಸಿಲಿನಿಂದ ಒಂದು ಗೆರೆಯನ್ನು ಅರ್ಧದವರೆಗೆ ಬಾಗಿಸಿದರು. ಅಲ್ಲಿಗೆ ಕೈ ನಿಂತಿತು. ಕಣ್ಣು ಮುಚ್ಚಿದರು, ತೆರೆದರು, ನನ್ನ ಮುಖ ನೋಡಿದರು, ನನಗೇನಾದರೂ ಗೊತ್ತಿರಬಹುದು ಎಂಬಂತೆ. ನಾನು ಇಟ್ಟ ಕಾಫಿ ಆರಿಹೋಯಿತು. ಕೊನೆಗೆ ಉಪಕರಣಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು.

ಆ ಚಳಿಗಾಲದಿಂದ ಅವರಿಗೆ ಉಳಿದದ್ದೂ ಮರೆಯುತ್ತ ಬಂತು. ನಾನು ಡಬ್ಬಿ ಕೊಟ್ಟರೆ ಥ್ಯಾಂಕ್ಯೂ ಎಂದು ತೆಗೆದುಕೊಂಡು ಅದರಲ್ಲಿ ಸಕ್ಕರೆ ತುಂಬಿಡುತ್ತಿದ್ದರು. ಅವರ ದೇಶವೇ ಒಡೆದುಹೋದ ವರ್ಷ ಟಿ.ವಿ.ಯಲ್ಲಿ ದಿನವೂ ಅಲ್ಲಿನ ಬೀದಿಗಳನ್ನು ತೋರಿಸುತ್ತಿದ್ದರು. ಅವರು ಜನರನ್ನು ನೋಡುತ್ತಿರಲಿಲ್ಲ, ಹಿಂದೆ ಹಾದುಹೋಗುವ ಲಾರಿಗಳನ್ನು ನೋಡುತ್ತಿದ್ದರು. ಮುಂದಿನ ವಸಂತದಲ್ಲಿ ತೀರಿಕೊಂಡರು. ಮಗಳು ಬೇರೆ ರಾಜ್ಯಕ್ಕೆ ಹೋಗುವ ಮೊದಲು ಕಾರನ್ನು ತಂದು ನನಗೆ ಕೊಟ್ಟಳು. ಹಿಂದೆ ಎರಡು ಗಾಲಿ, ಮುಂದೆ ಆನಿಕೆಗೆ ಒಂದು ಮರದ ತುಂಡು. ಕಿಟಕಿಯಲ್ಲಿ ಇಣುಕಿ ನೋಡಿ, ಒಳಗೋಡೆಯಲ್ಲಿ ಅರ್ಧ ಮಾವಿನಹಣ್ಣಿನ ಚಿತ್ರ ಕಾಣುತ್ತದೆ.

ಆ ದಿನ ಅವರು ಕೈ ಹಿಂದೆ ಕಟ್ಟಿಕೊಳ್ಳದಿದ್ದರೆ ಎಂದು ಪ್ರತಿ ನವಮಿಗೂ ಅನ್ನಿಸುತ್ತದೆ. ಬದುಕೆಲ್ಲ ಅಪ್ಪಣೆಗೆ ತಲೆಬಾಗಿದವರು, ಆ ರಜೆಯನ್ನು ಮಾತ್ರ ತಾವಾಗಿ ಇಷ್ಟಪಟ್ಟು ಪಾಲಿಸಿದರು. ಅದಕ್ಕೇ ಆ ನೆನಪು ಹೋಗಿಬಿಟ್ಟಿತು. ಗೆಳೆಯನ ಹೆಸರನ್ನು ಮಗಳು ಹೇಳಿದ್ದಳು. ನನ್ನ ನಾಲಿಗೆಗೆ ಅದು ಹೊರಳಲಿಲ್ಲ, ಇನ್ನೊಮ್ಮೆ ಕೇಳಲು ಸಂಕೋಚವಾಯಿತು. ಈಗ ಕೇಳೋಣವೆಂದರೆ ಅವಳು ಎಲ್ಲಿದ್ದಾಳೋ ತಿಳಿಯದು. ತಾತ ಇದ್ದಿದ್ದರೆ ಅವರಿಗಾದರೂ ನೆನಪಿರುತ್ತಿತ್ತು.

ಆದ್ದರಿಂದ, ಮಕ್ಕಳೇ, ಮುಂದಿನ ಗಾಲಿ ಹಾಕಬೇಡಿ. ಆ ಖಾಲಿ ಜಾಗ ಗೆಳೆಯನದು. ಈ ಹಾಳೆಗಳನ್ನು ನಾಲ್ಕಾಗಿ ಮಡಿಸಿದರೆ ಕಾರಿನ ಒಳಗೆ, ಸೀಟಿನ ಜಾಗದಲ್ಲಿ ಸರಿಯಾಗಿ ಕೂರುತ್ತವೆ, ನಾನು ನೋಡಿದ್ದೇನೆ. ಮನೆ ಬದಲಾಯಿಸುವಾಗ ಎರಡನ್ನೂ ಬೇರೆ ಮಾಡದೆ, ನೀರು ತಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.