ಮೊದಲು ದೋಣಿ ಬರಲಿ

ಕಡಲಿನ ಮೇಲೆ ಕಪ್ಪು ಮೋಡ ಗೋಡೆಯ ಹಾಗೆ ಎದ್ದು ಬರುತ್ತಿತ್ತು. ಬೆಂಗ್ರೆ ತೀರದ ಮರಳಿನಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಊರಿ, ಒಂದು ಒಳ್ಳೆಯ ಮಿಂಚಿಗಾಗಿ ನಾನು ಚಡಪಡಿಸುತ್ತಿದ್ದೆ. ತಡೆಯಲಾರದೆ "ಇನ್ನೂ ಹತ್ತಿರ ಬಾ ಮಾರಾಯ" ಎಂದು ಮೋಡವನ್ನು ಬಾಯಿಬಿಟ್ಟೇ ಕರೆದೆ.

ಹಿಂದಿನಿಂದ ಯಾರೋ ತೋಳು ಹಿಡಿದರು. ಅಷ್ಟು ಹೊತ್ತು ಅಲ್ಲೇ ಒಣಮೀನು ಬುಟ್ಟಿಗೆ ತುಂಬುತ್ತಿದ್ದ ಹೆಂಗಸು. "ಅಕ್ಕ, ಇದರಲ್ಲಿ ದೂರದ್ದು ಕಾಣ್ತದಲ್ಲ? ನಮ್ಮ ನೀಲಿ ದೋಣಿ ಉಂಟಾ ನೋಡಿ. ಇವರು ಅದರಲ್ಲಿದ್ದಾರೆ."

ಲೆನ್ಸ್ ತಿರುಗಿಸಿ ಹುಡುಕಿದೆ. ಮೋಡದ ಬುಡದಲ್ಲೇ ನೀಲಿ ದೋಣಿಯೊಂದು ಅಲೆಗಳ ನಡುವೆ ಏಳುತ್ತಾ ಬೀಳುತ್ತಾ ಬರುತ್ತಿತ್ತು. "ಉಂಟು, ಬರ್ತಾ ಉಂಟು" ಎಂದೆ. ಅದರ ಹಿಂದೆ ಮಿಂಚು ಮೇಲಿಂದ ಮೇಲೆ ಹೊಡೆಯತೊಡಗಿತು. ವರ್ಷಗಳಿಂದ ಕಾದಿದ್ದ ಚಿತ್ರ! ಬೆರಳು ತಾನಾಗಿ ಬಟನ್ ಮೇಲೆ ಹೋಯಿತು.

"ಈಗ ತೆಗೀಬೇಡಿ ಅಕ್ಕ. ಮೊದಲು ದೋಣಿ ಬರ್ಲಿ."

ಬೆರಳು ಹಿಂದೆ ಬಂತು. ಕ್ಯಾಮೆರಾದಲ್ಲಿ ನೋಡಲು ಆಕೆಗೇ ಬಿಟ್ಟುಕೊಟ್ಟೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರಿನಂಚಿಗೆ ಓಡಿದೆ, ತಿರುಗಿ ಬಂದೆ, "ಬಂತಾ? ಎಲ್ಲಿಗೆ ಬಂತು?" ಎಂದು ಕೇಳುತ್ತಲೇ ಇದ್ದೆ.

ದೋಣಿ ದಡ ಮುಟ್ಟುವಾಗ ಮಳೆ ಸುರಿದು, ಆಕಾಶವೆಲ್ಲ ಬರೀ ಬೂದಿಬಣ್ಣ. ನೆನೆದು ತೊಪ್ಪೆಯಾದ ಗಂಡನ ಕೈ ಹಿಡಿದುಕೊಂಡೇ ಆಕೆ ನನ್ನತ್ತ ತಿರುಗಿ ಕೂಗಿದರು: "ಹಾಂ, ಈಗ ತೆಗೀರಿ!"

ತೆಗೆದೆ. ಆ ಫೋಟೊದಲ್ಲಿ ಮಿಂಚಿಲ್ಲ, ಮೋಡವೂ ಇಲ್ಲ. ಈಗಲೂ ಮೋಡ ಕಪ್ಪು ಕಟ್ಟಿದರೆ ಪೇಟೆಯೊಳಗೆ ಕುಲಶೇಖರದಲ್ಲಿರುವ ನನ್ನ ಮನೆಯಲ್ಲಿ ಕೂರಲಾಗುವುದಿಲ್ಲ, ಕಡಲಿಗೆ ಓಡುತ್ತೇನೆ. ಆದರೆ ಹತ್ತಿರ ಬಾ ಎಂದು ಮೋಡವನ್ನು ಕರೆಯುವ ಮೊದಲು, ನೀರಿನ ಮೇಲೆ ಯಾರಾದರೂ ಇದ್ದಾರಾ ಎಂದು ನೋಡುತ್ತೇನೆ.