ಬೆನ್ನ ಹಿಂದಿನ ಕಡಲು

ಅಮ್ಮನ ಅಸ್ಥಿ ಬಿಡುವ ದಿನ ಭಾನುವಾರವೇ ಬಿತ್ತು. ಭಾನುವಾರ ಕಾಪುವಿನ ಕಡಲಿಗೆ ಬುದ್ಧಿ ಇದ್ದವರು ಹೋಗುವುದಿಲ್ಲ. ಆದರೆ ಮಲ್ಪೆಯ ಬಂದರಿನಲ್ಲಿ ಬಿಟ್ಟರೆ ಅಮ್ಮ ಬೋಟಿನ ಅಡಿಯ ಫ್ಯಾನಿಗೆ ಸಿಕ್ಕಿಯಾಳು ಎಂದು ಅಕ್ಕ ಹಟ ಹಿಡಿದಳು. ಹಾಗಾಗಿ ಹಿರಿಯಡ್ಕದಿಂದ ಬಾಡಿಗೆ ಕಾರು ಮಾಡಿ ನಾನೂ ಅವಳೂ ಕಾಪುವಿಗೆ ಬಂದೆವು. ಭಟ್ಟರು ಸ್ಕೂಟರಿನಲ್ಲಿ ಮೊದಲೇ ಬಂದು ಕಾಯುತ್ತಿದ್ದರು.

ದೀಪಸ್ತಂಭದ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ನಾನು ಸಣ್ಣವನಿದ್ದಾಗ ಬಲೆ ಹರಡುತ್ತಿದ್ದ ಅಂಗಳಗಳಲ್ಲಿ ಈಗ ಹೋಂಸ್ಟೇ, ಚುರುಮುರಿ, ಎಳನೀರಿನ ಗಾಡಿ. ಬೋಳು ತಲೆ, ಬರಿ ಮೈ, ಬಿಳಿ ಪಂಚೆ, ಕೈಯಲ್ಲಿ ಮಣ್ಣಿನ ಕುಡಿಕೆ. ಈ ವೇಷದಲ್ಲಿ ಐಸ್‌ಕ್ರೀಂ ತಿನ್ನುವವರ ನಡುವೆ ನಡೆಯುವಾಗ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಸೆಲ್ಫಿ ತೆಗೆಯುತ್ತಿದ್ದ ಒಬ್ಬ, ಸ್ವಲ್ಪ ಆಚೆ ಹೋಗಿ ಸರ್ ಎಂದ. ಹೋದೆ.

"ಕಡಲಿಗೆ ಬೆನ್ನು ಹಾಕಿ ನಿಲ್ಲಿ. ತಲೆಯ ಮೇಲಿಂದ ಹಿಂದಕ್ಕೆ ಬಿಡಿ. ಮತ್ತೆ ತಿರುಗಿ ನೋಡಲಿಕ್ಕಿಲ್ಲ, ಸೀದಾ ನಡೆಯಬೇಕು," ಎಂದರು ಭಟ್ಟರು. "ನೀವು ನೋಡಿದರೆ ಅವರಿಗೆ ಹೋಗಲಿಕ್ಕೆ ಮನಸ್ಸು ಬರುವುದಿಲ್ಲ." ಭಟ್ಟರಿಗೆ ಉಚ್ಚಿಲದಲ್ಲಿ ಇನ್ನೊಂದು ಮನೆಯ ಕೆಲಸ ಇತ್ತು. ಮಂತ್ರ ಮುಗಿಸಿ ಹೊರಟೇ ಬಿಟ್ಟರು.

ಅಮ್ಮನಿಗೆ ಹೇಗೂ ನಮ್ಮನ್ನು ಬಿಟ್ಟು ಹೋಗುವುದು ಕಷ್ಟ. ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಲೇ, ನಿಮ್ಮದು ಊಟ ಆಯ್ತಾ ಎಂದು ಕೇಳುತ್ತಿದ್ದವಳು. ಅಲ್ಲಿ ನನ್ನ ಕೈಯಲ್ಲಿ ಏನೂ ಆಗಲಿಲ್ಲ. ಇದೊಂದನ್ನಾದರೂ ಸರಿಯಾಗಿ ಮಾಡಬೇಕು, ಅವಳು ನಿಶ್ಚಿಂತೆಯಿಂದ ಹೋಗಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಮೊಣಕಾಲುದ್ದದ ನೀರಿನಲ್ಲಿ ನಿಂತು ಕುಡಿಕೆಯನ್ನು ಹಿಂದಕ್ಕೆ ಎಸೆದೆ. ಅಕ್ಕನ ಜೊತೆ ಮರಳಿನಲ್ಲಿ ನಡೆಯತೊಡಗಿದೆ.

"ಅಣ್ಣಾರ! ಏ ಅಣ್ಣಾರ! ನಿಮ್ಮ ಗಡಿಗಿ ಹೊಳ್ಳಿ ಬಂತ್ರೀ!"

ಹೆಂಗಸಿನ ದನಿ, ಬಯಲುಸೀಮೆಯ ಮಾತು. ಮಣಿಪಾಲದ ಕಡೆ ಕಟ್ಟಡ ಕೆಲಸಕ್ಕೆ ಬಂದವರು ರಜೆಯ ದಿನ ಹೀಗೆ ಕಡಲು ನೋಡಲು ಬರುತ್ತಾರೆ.

ಅಕ್ಕ ನನ್ನ ಮೊಣಕೈ ಹಿಡಿದಳು. "ತಿರುಗ್ಬೇಡ ಮಾರಾಯ. ಸುಮ್ಮನೆ ನಡಿ."

"ವಾಪಸ್ಸು ಬಂತಂತೆ ಅಕ್ಕ."

"ಬರ್ಲಿ. ನೀನು ನಡಿ."

ಯಾಕೆ ಮುಳುಗಲಿಲ್ಲ ಎಂಬುದು ನಡೆಯುತ್ತಲೇ ಹೊಳೆಯಿತು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲವೆಂದು ಕುಡಿಕೆಯನ್ನು ಹಲಸಿನ ಮರಕ್ಕೆ ನೇತುಹಾಕಿದ್ದೆವು. ಅಮ್ಮನಿಗೆ ಇರುವೆ ಮುತ್ತಬಾರದೆಂದು ಅಕ್ಕ ಅದರ ಬಾಯಿಗೆ ಬಾಡಿಸಿದ ಬಾಳೆಲೆ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಹುರಿ ಹಗ್ಗದಿಂದ ಬಿಗಿದಿದ್ದಳು. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಮ್ಮ ಅವಳಿಗೆ ಹಾಗೆಯೇ ಕಟ್ಟಲು ಕಲಿಸಿದ್ದು, ಗಾಳಿ ಸಹ ಆಡದ ಹಾಗೆ. ನೀರಿಗೆ ಬಿಡುವ ಮೊದಲು ಅದನ್ನು ಬಿಚ್ಚಬೇಕೆಂದು ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ, ಅವಸರದಲ್ಲಿದ್ದ ಭಟ್ಟರಿಗೂ ಆಗಲಿಲ್ಲ.

ನಾವು ಜೋರಾಗಿ ನಡೆದೆವು. ಕೂಗುತ್ತಿದ್ದ ಹೆಂಗಸು ಓಡಿದಳು. ಓಡಿ ನಮ್ಮನ್ನು ದಾಟಿ ಎದುರಿಗೇ ಬಂದು ನಿಂತಳು. ಸೀರೆ ಮೊಣಕಾಲಿನವರೆಗೆ ಒದ್ದೆ, ಎರಡೂ ಕೈಯಲ್ಲಿ ಕುಡಿಕೆ.

"ಎಷ್ಟ ಕೂಗೂದ್ರೀ ನಿಮ್ಮನ್ನ! ಒಂದ ಹನಿ ನೀರ ಒಳಗ ಹೋಗಿಲ್ಲ ನೋಡ್ರಿ," ಎಂದಳು. ಕಳೆದದ್ದನ್ನು ಹುಡುಕಿಕೊಟ್ಟ ಖುಷಿ ಮುಖದ ತುಂಬಾ ಇತ್ತು. "ಏನೈತ್ರಿ ಇದರಾಗ?"

"ಅಮ್ಮ," ಎಂದೆ.

ಅವಳು ನನ್ನ ಬೋಳು ತಲೆ ನೋಡಿದಳು. ಕೈಬಿಟ್ಟಾಳು ಎಂದು ಹೆದರಿದೆ. ಬಿಡಲಿಲ್ಲ, ಇನ್ನಷ್ಟು ಎದೆಗೆ ಒತ್ತಿಕೊಂಡಳು. "ಯವ್ವಾ... ನಮ್ಮ ಕಡೆ ಹೂಳ್ತೀವ್ರಿ. ಗೊತ್ತಾಗಲಿಲ್ರಿ, ತಪ್ಪಾತು."

"ನಿಮ್ದೆಂತ ತಪ್ಪು ಉಂಟು," ಎಂದು ಅಕ್ಕ ಕೈ ಚಾಚಿ ಕುಡಿಕೆ ತೆಗೆದುಕೊಂಡಳು.

ಭಟ್ಟರು ಫೋನು ಎತ್ತಲಿಲ್ಲ. ಇನ್ನೊಮ್ಮೆ ಬಿಡಬಹುದೋ ಇಲ್ಲವೋ, ನಮಗೆ ಹೇಳುವವರು ಯಾರೂ ಇರಲಿಲ್ಲ. ಬಿಚ್ಚದೆ ಬಿಟ್ಟರೆ ಅಮ್ಮ ಮತ್ತೆ ಬರುತ್ತಾಳೆ, ಅದೊಂದು ಗೊತ್ತಿತ್ತು. ಉರಿಬಿಸಿಲಿನಲ್ಲಿ ಮರಳ ಮೇಲೆ ಕೂತು ಅಕ್ಕ ಗಂಟು ಬಿಚ್ಚತೊಡಗಿದಳು. ಹಗ್ಗ ಉಪ್ಪುನೀರು ಕುಡಿದು ಇನ್ನೂ ಬಿಗಿದುಕೊಂಡಿತ್ತು. ಎಳನೀರಿನವನ ಕತ್ತಿ ಕೇಳಲಾ ಎಂದೆ.

"ಅಮ್ಮನಿಗೆ ಕತ್ತಿಯೆಲ್ಲ ತಾಗಿಸ್ಬೇಡ," ಎಂದಳು. ಅವಳ ಉಗುರು ಕಿತ್ತು ರಕ್ತ ಬಂತು. ನಾನು ಕೈ ಹಾಕಿದೆ, ನನ್ನಿಂದಲೂ ಆಗಲಿಲ್ಲ.

"ಎಲ್ಲಿ ಹಿಡಿದು ಎಳೆಯುವುದಂತ ನಂಗೆ ಗೊತ್ತಿಲ್ಲ ಮಾರಾಯ," ಎಂದಳು ಅಕ್ಕ. "ಕಟ್ಲಿಕ್ಕೆ ಮಾತ್ರ ನಾನು. ಬಿಚ್ಚುವುದು ಯಾವಾಗ್ಲೂ ಅಮ್ಮನೇ ಅಲ್ವಾ."